ಮೇಲಿನ ಗಾಳಿ

ದಿವಗಿಯ ದಡದಲ್ಲಿ ಇಳಿತದ ಹೊತ್ತು ನೋಡಿ
ಮೊಣಕಾಲ ನೀರಲ್ಲಿ ಬಾಗಿ ಬಾಚಿದ ಬಳಚು
ಮಧ್ಯಾಹ್ನದೊಳಗೆ ಬೇಯಬೇಕು, ಬಾಯಿ ಬಿಡಬೇಕು.
ಸೌದೆಯ ಬೆಲೆ ಕೇಳಿ ಕಲ್ಲಿದ್ದಲು ತಂದೆವು.
ಹಿತ್ತಿಲಲ್ಲಿ ಇಟ್ಟಿಗೆಯ ಒಲೆ, ಮೇಲೆ ತಾಮ್ರದ ಕೊಪ್ಪರಿಗೆ.
ತಾಮ್ರವಲ್ಲ, ಸುಳ್ಳೇಕೆ,
ಅಲ್ಯುಮಿನಿಯಂ, ಅದೂ ಸೊಟ್ಟ.

ಮೊದಲ ದಿನದಿಂದಲೇ ಹೊಗೆ.
ಹಳದಿ, ದಪ್ಪ, ಕೈಗೆ ಹತ್ತುವಂಥ ಜಿಡ್ಡು.
ಗಿರಿಜೆಯ ಹಗ್ಗದ ಮೇಲೆ ಒಣಗಿದ ಬಿಳಿ ಪಂಚೆಯಲ್ಲಿ
ಕೂತದ್ದು ಏಳಲಿಲ್ಲ.
ಅವಳ ಮಗು ರಾತ್ರಿಯಿಡೀ ಕೆಮ್ಮಿತು.
ಬೆಳಿಗ್ಗೆ ಬೇಲಿಯಾಚೆಯಿಂದ ಅವಳೇನೂ ಅನ್ನಲಿಲ್ಲ.
ಕಿಟಕಿ ಮುಚ್ಚಿದ ಸದ್ದು ಮಾತ್ರ
ಬೇಕಾದ್ದಕ್ಕಿಂತ ತುಸು ಜೋರಾಗಿತ್ತು.

ಊದಿದೆ. ಬೂದಿಬಾಗಿಲನ್ನು ಪೂರಾ ತೆರೆದೆ.
ಕೆಂಡ ಕೆಂಪೇರಿತು, ಜಾಲರಿ ಬಾಗಿತು,
ಹೊಗೆ ಇನ್ನಷ್ಟು.
ಗಾಳಿ ಸಾಲದು ಅಂತ ಗಂಡ, ಕಲ್ಲಿದ್ದಲೇ ಕೆಟ್ಟದು ಅಂತ ಅತ್ತೆ,
ನನ್ನ ಕೈಗುಣ ಅಂತ ಇಬ್ಬರೂ.

ಆಮೇಲೆ ಬಂದವ ಸಾಂತಾನ್ ಬಾಬ.
ಉಗಿದೋಣಿಯ ಹೊಟ್ಟೆಗೆ ಇಪ್ಪತ್ತೆರಡು ವರ್ಷ
ಸಲಿಕೆಯಲ್ಲಿ ಉಣ್ಣಿಸಿದವ. ಸುಟ್ಟ ಹುಬ್ಬು ಮತ್ತೆ ಬೆಳೆದಿಲ್ಲ.
ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ,
ಬೀಡಿ ಹಚ್ಚಲಿಲ್ಲ, ಬರೀ ನೋಡಿದ.

"ಕೆಳಗಿನ ಪಂಕ್ತಿಗೆ ಬಡಿಸಿದ್ದೀಯ ಮಾರಾಯ್ತಿ,
ಮೇಲಿನವರಿಗೆ ಎಲೆಯೇ ಹಾಕಿಲ್ಲ.
ಹೊಗೆ ಅಂದ್ರೆ ಎಂತ ಅಂದುಕೊಂಡೆ, ಕಸವಾ?
ಬೆಂಕಿಯೇ ಅದು, ಉಣ್ಣದೆ ಮನೆ ಬಿಟ್ಟದ್ದು.
ನಿನ್ನ ದುಡ್ಡೇ ಗಿರಿಜೆಯ ಕಿಟಕಿಗೆ ಹೋಗ್ತಾ ಉಂಟು."

ಕೆಂಡದ ಮಟ್ಟಕ್ಕಿಂತ ಒಂದು ಗೇಣು ಮೇಲೆ
ಇಟ್ಟಿಗೆ ಕೊರೆದ. ಹೆಬ್ಬೆರಳ ಗಾತ್ರ, ಒಂಬತ್ತು ತೂತು.
ಆ ದಿನ ನೀರು ಕುದಿಯಲೇ ಇಲ್ಲ.
ಬೆಂಕಿ ಮುಖ ತಿರುವಿಕೊಂಡು ಕೂತಿತು.
"ದೇಹಕ್ಕಾದರೆ ಒಂಬತ್ತು ಬೇಕು," ಅಂದ ಅವನೇ ನಕ್ಕು,
"ಒಲೆಗೆ ಅಷ್ಟು ಬೇಡ." ಐದಕ್ಕೆ ಮಣ್ಣು ಮೆತ್ತಿದ.
ಉಳಿದ ನಾಲ್ಕಕ್ಕೆ ಹಳೇ ನೀರಿನ ಪೈಪು,
ಬೆಂಕಿಗೋಡೆಯ ಬೆನ್ನು ಸವರಿ ಒಳಗೆ ಬರುವ ಹಾಗೆ:
"ಬಿಸಿಯಾದವರ ಮನೆಗೆ ತಣ್ಣಗಿನ ನೆಂಟ ಬರಬಾರದು."
ಪೈಪಿನ ಬಾಯಿಗೆ ಡಾಲ್ಡಾ ಡಬ್ಬಿಯ ತಗಡು.
ಹೊಸ ಕಲ್ಲಿದ್ದಲು ಹಾಕಿದಾಗ ತೆರೆ,
ಕೆಂಡವಾಗುತ್ತ ಬಂದ ಹಾಗೆ ಮುಚ್ಚುತ್ತ ಬಾ.

ಭರತದ ಗಾಳಿ ಹೊಳೆಯಿಂದ ಎದ್ದ ಹೊತ್ತು
ತಗಡು ಎರಡು ಬೆರಳು ಸರಿಸಿದೆ.
ಹಳದಿ ಹುರಿ ನಡುವಲ್ಲೇ ಕಡಿಯಿತು.
ಕಲ್ಲಿದ್ದಲಿನ ಮೇಲೆ, ಏನೂ ಇಲ್ಲದ ಜಾಗದಲ್ಲಿ,
ಬೆಂಕಿ ಹತ್ತಿತು.
ಬಂಗಡೆಯ ಬೆನ್ನಿನ ನೀಲಿ ಅದು,
ಆಗಷ್ಟೇ ಬಲೆಯಿಂದ ಕೊಡವಿದ್ದರ ನೀಲಿ,
ಅಂಚಿಗೆ ಒಂದಿಷ್ಟು ಹಸಿರು.
ಚಿಮಣಿಯ ತುದಿಯಲ್ಲಿ ಕಾಣಲು ಏನಿಲ್ಲ.
ಅದರ ಹಿಂದಿನ ತೆಂಗಿನ ಗರಿ ಮಾತ್ರ
ನೀರಲ್ಲಿ ಮುಳುಗಿದ ಹಾಗೆ ಅಲುಗಿತು.

ಕೊಪ್ಪರಿಗೆಯೊಳಗೆ ಟಕ್, ಟಕ್,
ಒಂದೊಂದೇ ಬಳಚು ಬಾಯಿ ಬಿಟ್ಟಿತು.
ಎರಡು ಬುಟ್ಟಿ ಸುಡುವಲ್ಲಿ ಈಗ ಒಂದೂಕಾಲು.
ಅತ್ತೆ ಲೆಕ್ಕ ಹಾಕಿ, ಇನ್ನೊಮ್ಮೆ ಹಾಕಿ,
ಒಳಗೆ ಹೋದಳು.

ಹೊಗೆ ಪೂರಾ ಹೋಗಿದೆ ಅಂತಲ್ಲ.
ಹೊಸ ತುಂಡು ಬಿದ್ದಾಗ ಈಗಲೂ ಒಂದು ಕರಿ ಕೆಮ್ಮು.
ಆಗ ಓಡುತ್ತೇನೆ ತಗಡಿಗೆ,
ಕೈಯಲ್ಲಿ ಹಿಟ್ಟಿರಲಿ, ಮೀನಿರಲಿ.
ಕೆಲವೊಮ್ಮೆ ಅಲ್ಲೇ ನಿಂತುಬಿಡುತ್ತೇನೆ,
ನನ್ನ ಹೊಟ್ಟೆಯಲ್ಲಿ ಕಪ್ಪಾಗಿ ಸುತ್ತುತ್ತಿರುವುದಕ್ಕೆಲ್ಲ
ಒಂದು ಗೇಣು ಮೇಲೆ, ಎಲ್ಲಿ ಅಂತ ತಡವುತ್ತ.

ಗಿರಿಜೆಯ ಕಿಟಕಿ ಇನ್ನೂ ಮುಚ್ಚಿದೆ.
ಅದಕ್ಕೆ ಎಲ್ಲಿ ಕೊರೆಯಬೇಕೋ
ಸಾಂತಾನ್ ಬಾಬನಿಗೂ ತಿಳಿಯದು.
ನಿನ್ನೆ ಒಂದು ಬಟ್ಟಲು ಬಳಚಿನ ಸುಕ್ಕ ಕಳಿಸಿದೆ.
ಸಂಜೆ ಬಟ್ಟಲು ವಾಪಸು ಬಂತು, ಖಾಲಿ.
ಆದರೆ ತಿಕ್ಕಿ ತೊಳೆದಿದ್ದಳು,
ಬೆಳಕಿಗೆ ಹಿಡಿದರೆ ಮುಖ ಕಾಣುವಷ್ಟು.